‘ಅಲರ್ಜಿ ತರುವುದಿಲ್ಲ’ ಎಂದು ಬರೆಯುವ ಮುನ್ನ: ಯಾವ ಪ್ರಶ್ನೆಗೆ ಯಾವ ಪರೀಕ್ಷೆ

ಒಂದು ರಾಸಾಯನಿಕದ ಚರ್ಮದ ಅಲರ್ಜಿ ಪರೀಕ್ಷೆಯ ವರದಿಯದು; ಕೊನೆಯ ಸಾಲಿನಲ್ಲಿ ‘ನೆಗೆಟಿವ್’ ಎಂದಿತ್ತು. ನಾಲ್ಕು ಪುಟ ಹಿಂದಕ್ಕೆ ಹೋದರೆ, ಕೋಶಗಳನ್ನು ಬೆಳೆಸಿದ್ದ ತಟ್ಟೆಯ ಗುಳಿಗಳಲ್ಲಿ ಸೂಜಿಯಂಥ ಸಣ್ಣ ಹರಳುಗಳು ತಳ ಸೇರಿದ್ದವು ಎಂದು ಪ್ರಯೋಗ ಮಾಡಿದವರೇ ಟಿಪ್ಪಣಿ ಬರೆದಿದ್ದರು. ಅಂದರೆ ವಸ್ತು ಸರಿಯಾಗಿ ಕರಗಿಯೇ ಇರಲಿಲ್ಲ. ಕರಗದ್ದು ಕೋಶವನ್ನು ಮುಟ್ಟುವುದಿಲ್ಲ, ಮುಟ್ಟದ್ದಕ್ಕೆ ಕೋಶ ಉತ್ತರಿಸುವುದೂ ಇಲ್ಲ. ಆದರೂ ಆ ಒಂದು ಪದ ವರದಿಯಿಂದ ಸಾರಾಂಶಕ್ಕೆ, ಸಾರಾಂಶದಿಂದ ಸುರಕ್ಷತಾ ಪತ್ರಕ್ಕೆ ಇಳಿದು, ಅಲ್ಲಿ ‘ಚರ್ಮದ ಅಲರ್ಜಿ ಉಂಟುಮಾಡುವುದಿಲ್ಲ’ ಎಂಬ ಪೂರ್ಣ ವಾಕ್ಯವಾಗಿಬಿಟ್ಟಿತ್ತು. ಆ ಪತ್ರವನ್ನು ನಂಬಿ ಕೈಗವಸಿಲ್ಲದೆ ಕೆಲಸ ಮಾಡುವವರು ಇರುತ್ತಾರೆ. ಈ ಬರಹ ಹುಟ್ಟಿದ್ದು ಅವರ ಚಿಂತೆಯಿಂದ.

ಒಂದು ರಾಸಾಯನಿಕ ಚರ್ಮಕ್ಕೆ ಅಲರ್ಜಿ ತರುತ್ತದೆಯೇ ಎಂದು ತಿಳಿಯಲು ಇಂದು ಹತ್ತಾರು ದಾರಿಗಳಿವೆ: ಕಂಪ್ಯೂಟರ್ ಅಂದಾಜು, ಗಾಜಿನ ಸೀಸೆಯೊಳಗಿನ ರಸಾಯನಕ್ರಿಯೆ, ಮನುಷ್ಯಕೋಶಗಳ ಪರೀಕ್ಷೆ, ಇಲಿ ಮತ್ತು ಗಿನಿಯಿಲಿಗಳ ಪರೀಕ್ಷೆ, ಮನುಷ್ಯರ ಬೆನ್ನಿನ ಮೇಲಿನ ಪಟ್ಟಿ. ಯಾವುದು ಒಳ್ಳೆಯದು ಎಂದು ಕೇಳುವವರಿಗೆ ನಾನು ಮರಳಿ ಕೇಳುವುದು ಎರಡನ್ನು. ನಿಮಗೆ ಬೇಕಾದ ಉತ್ತರ ಯಾವುದು? ಪರೀಕ್ಷೆ ‘ಇಲ್ಲ’ ಎಂದರೆ, ‘ಹೌದು’ ಎನ್ನುವ ಶಕ್ತಿ ಅದಕ್ಕೆ ಇತ್ತೇ? ಆಯ್ಕೆಯ ವಿಚಾರವೆಲ್ಲ ಈ ಎರಡರ ಸುತ್ತಲೇ ಇದೆ.

ಅಲರ್ಜಿ ಹುಟ್ಟುವ ನಾಲ್ಕು ಮೆಟ್ಟಿಲು

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಆಮ್ಲ ಬಿದ್ದರೆ ಯಾರ ಕೈಯಾದರೂ ಉರಿಯುತ್ತದೆ, ಕ್ಷಾರ ತಗಲಿದರೆ ಯಾರ ಚರ್ಮವಾದರೂ ಸುಲಿಯುತ್ತದೆ. ಅದು ಕೆರಳಿಕೆ. ಅಲರ್ಜಿ ಹಾಗಲ್ಲ. ಅದು ಕಲಿತ ಪಾಠ. ಮೊದಲ ಸಂಪರ್ಕದಲ್ಲಿ ಹೊರಗೆ ಏನೂ ಕಾಣದೆ ಒಳಗೆ ದೇಹ ಆ ವಸ್ತುವನ್ನು ಶತ್ರುವೆಂದು ಗುರುತು ಹಾಕಿಕೊಳ್ಳುತ್ತದೆ. ಮುಂದೆ ಎಂದೋ ಒಂದು ದಿನ ಅದೇ ವಸ್ತು ಮತ್ತೆ ತಗಲಿದಾಗ, ಒಂದೆರಡು ದಿನಗಳಲ್ಲಿ ತುರಿಕೆ, ಕೆಂಪು, ನೀರುಗುಳ್ಳೆ. ಕಲಿತ ಈ ಪಾಠ ಸಾಮಾನ್ಯವಾಗಿ ಜೀವನಪೂರ್ತಿ ಮರೆಯುವುದಿಲ್ಲ. ಕೆರಳಿಸುವ ವಸ್ತುವನ್ನು ತೆಳುವಾಗಿಸಿ ಬದುಕಬಹುದು. ಅಲರ್ಜಿ ಬಂದವರಿಗೆ ಅದರಿಂದ ದೂರವಿರುವುದೊಂದೇ ಗಟ್ಟಿಯಾದ ದಾರಿ.

ಈ ಪಾಠ ನಡೆಯುವ ಕ್ರಮವನ್ನು ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ, ಅಂದರೆ ಒಇಸಿಡಿ, 2012ರಲ್ಲಿ ನಾಲ್ಕು ಘಟ್ಟಗಳಾಗಿ ಬರೆದಿಟ್ಟಿತು. ಮೊದಲನೆಯದಾಗಿ, ಸಣ್ಣ ಅಣುವೊಂದು ಚರ್ಮದೊಳಗಿಳಿದು ಅಲ್ಲಿನ ಪ್ರೋಟೀನಿಗೆ ಬಿಡಿಸಲಾಗದಂತೆ ಅಂಟಿಕೊಳ್ಳುತ್ತದೆ. ಅಣು ತಾನೊಂದೇ ಇದ್ದರೆ ದೇಹದ ಕಣ್ಣಿಗೆ ಬೀಳದಷ್ಟು ಚಿಕ್ಕದು. ಪ್ರೋಟೀನಿಗೆ ಅಂಟಿದಾಗ ಆ ಪ್ರೋಟೀನೇ ಅಪರಿಚಿತವಾಗಿ ಕಾಣುತ್ತದೆ. ಎರಡನೆಯದಾಗಿ, ಹೊರಚರ್ಮದ ಕೆರಟಿನೊಸೈಟ್ ಕೋಶಗಳು ಅಪಾಯದ ಸೂಚನೆ ಕೊಡುತ್ತವೆ. ಮೂರನೆಯದಾಗಿ, ಕಾವಲಿನಲ್ಲಿರುವ ಡೆಂಡ್ರೈಟಿಕ್ ಕೋಶಗಳು ಎಚ್ಚೆತ್ತು, ಆ ಅಪರಿಚಿತ ತುಣುಕನ್ನು ಹೊತ್ತು ಹತ್ತಿರದ ದುಗ್ಧಗ್ರಂಥಿಗೆ ಹೋಗುತ್ತವೆ. ನಾಲ್ಕನೆಯದಾಗಿ, ಗ್ರಂಥಿಯಲ್ಲಿ ಆ ತುಣುಕನ್ನು ಗುರುತಿಸಬಲ್ಲ ಟಿ ಕೋಶಗಳು ಒಂದಕ್ಕೆ ಹತ್ತು, ಹತ್ತಕ್ಕೆ ನೂರಾಗಿ ಹೆಚ್ಚುತ್ತವೆ.

ಹೆಚ್ಚಿನ ಪರೀಕ್ಷೆಗಳು ಈ ನಾಲ್ಕರಲ್ಲಿ ಒಂದು ಮೆಟ್ಟಿಲಿನ ಮೇಲೆ ಮಾತ್ರ ಕಣ್ಣಿಟ್ಟು ಕೂತಿರುತ್ತವೆ. ಉಳಿದ ಮೂರರಲ್ಲಿ ಏನಾಯಿತು ಎಂದು ಅವನ್ನು ಕೇಳಿ ಪ್ರಯೋಜನವಿಲ್ಲ.

ಮೊದಲು ಅಣುವಿನ ಮುಖ ನೋಡಿ

ಪ್ರಯೋಗಾಲಯಕ್ಕೆ ಮಾದರಿ ಕಳಿಸುವ ಮೊದಲು ಕಾಗದದ ಮೇಲೆ ಒಂದು ದಿನ ಕಳೆಯಿರಿ. ಇಡೀ ಕೆಲಸದಲ್ಲಿ ಇಷ್ಟು ಅಗ್ಗವೂ ಇಷ್ಟು ಉಪಯುಕ್ತವೂ ಆದ ದಿನ ಮತ್ತೊಂದು ಇರುವುದಿಲ್ಲ.

ಅಣುವಿನ ರಾಸಾಯನಿಕ ಚುರುಕಿಗೂ ಅಲರ್ಜಿಗೂ ಇರುವ ನಂಟನ್ನು ಲ್ಯಾಂಡ್‌ಸ್ಟೈನರ್ ಮತ್ತು ಜೇಕಬ್ಸ್ 1935ರಲ್ಲೇ ಗಿನಿಯಿಲಿಗಳ ಮೇಲೆ ತೋರಿಸಿದ್ದರು. ಪ್ರೋಟೀನಿನಲ್ಲಿ ಎಲೆಕ್ಟ್ರಾನ್ ಸಮೃದ್ಧವಾದ ಜಾಗಗಳಿವೆ. ಪ್ರೋಟೀನನ್ನು ಕಟ್ಟುವ ಅಮೈನೊ ಆಮ್ಲಗಳಾದ ಸಿಸ್ಟೀನಿನ ಗಂಧಕ, ಲೈಸೀನಿನ ಸಾರಜನಕ ಇವುಗಳಲ್ಲಿ ಮುಖ್ಯವಾದವು. ಎಲೆಕ್ಟ್ರಾನಿಗೆ ಹಸಿದ ಅಣು ಅಲ್ಲಿ ಬಂದು ಅಂಟುತ್ತದೆ. ಆಲ್ಡಿಹೈಡ್‌ಗಳು, ಅಕ್ರಿಲೇಟ್‌ಗಳು, ಐಸೊಥಯಜೋಲಿನೋನ್‌ಗಳು, ಆಮ್ಲದ ಅನ್‌ಹೈಡ್ರೈಡ್‌ಗಳು, ಕ್ಲೋರಿನ್ ಜೊತೆ ನೈಟ್ರೊ ಗುಂಪುಗಳನ್ನೂ ಹೊತ್ತ ಬೆಂಜೀನ್‌ಗಳು: ಅಣುವಿನ ಚಿತ್ರದಲ್ಲಿ ಇವು ಕಂಡರೆ ರಸಾಯನಶಾಸ್ತ್ರ ಬಲ್ಲವರು ಅಲ್ಲೇ ಒಮ್ಮೆ ನಿಲ್ಲುತ್ತಾರೆ. ಒಇಸಿಡಿಯ ಕ್ಯೂಎಸ್‌ಎಆರ್ ಟೂಲ್‌ಬಾಕ್ಸ್, ಡೆರೆಕ್ ನೆಕ್ಸಸ್ ಮೊದಲಾದ ತಂತ್ರಾಂಶಗಳೂ ಮಾಡುವುದು ಬಹುಮಟ್ಟಿಗೆ ಇದನ್ನೇ, ದೊಡ್ಡ ದತ್ತಾಂಶದ ಬಲದಿಂದ. ತಂತ್ರಾಂಶಕ್ಕೆ ಪರಿಚಯವಿಲ್ಲದ ಮನೆತನದ ಅಣುವಾದರೆ ಅದರ ‘ಇಲ್ಲ’ಕ್ಕೆ ತೂಕವಿಲ್ಲ, ಅಣು ತನ್ನ ವ್ಯಾಪ್ತಿಯೊಳಗಿದೆಯೇ ಎಂದು ಅದು ಹೇಳುವ ಸಾಲನ್ನು ಮೊದಲು ಓದಿ, ಉತ್ತರವನ್ನು ಆಮೇಲೆ.

ಹೆಚ್ಚು ಎಚ್ಚರ ಬೇಕಾಗುವುದು ವೇಷ ಬದಲಿಸುವ ಅಣುಗಳ ವಿಷಯದಲ್ಲಿ. ಕೆಲವು ಗಾಳಿಯಲ್ಲಿ ಬದಲಾಗುತ್ತವೆ. ಕಿತ್ತಳೆ ಸಿಪ್ಪೆಯ ಪರಿಮಳದ ಲಿಮೊನೀನ್, ಲ್ಯಾವೆಂಡರಿನ ಲಿನಲೂಲ್ ಎರಡೂ ತಾಜಾ ಇದ್ದಾಗ ಬಹಳ ಸೌಮ್ಯ. ಮುಚ್ಚಳ ತೆರೆದು ವಾರಗಟ್ಟಲೆ ಬಿಟ್ಟರೆ ಆಮ್ಲಜನಕ ಸೇರಿ ಹೈಡ್ರೊಪರಾಕ್ಸೈಡ್‌ಗಳಾಗುತ್ತವೆ, ಅವು ಬಲವಾದ ಅಲರ್ಜಿಕಾರಕಗಳು. ಹೀಗಾಗಿ ಒಂದೇ ಹೆಸರಿನ ಎರಡು ಬಾಟಲಿಗಳು ಎರಡು ಉತ್ತರ ಕೊಡಬಲ್ಲವು. ಬಾಟಲಿ ಯಾವಾಗ ತೆರೆದದ್ದು, ಎಲ್ಲಿಟ್ಟಿದ್ದು, ಶುದ್ಧತೆ ಎಷ್ಟು ಎಂಬ ವಿವರವಿಲ್ಲದ ವರದಿಯನ್ನು ನಾನು ಅರ್ಧ ವರದಿ ಎಂದೇ ಎಣಿಸುತ್ತೇನೆ. ಇನ್ನು ಕೆಲವು ಅಣುಗಳು ಬದಲಾಗುವುದು ಚರ್ಮದೊಳಗೆ, ಅಲ್ಲಿನ ಕಿಣ್ವಗಳ ಕೈಯಲ್ಲಿ: ಸಿನಮಿಕ್ ಆಲ್ಕೊಹಾಲ್ ಹೀಗೆ ಸಿನಮಾಲ್ಡಿಹೈಡ್ ಆಗುತ್ತದೆ. ಕೂದಲ ಬಣ್ಣದ ಪ್ಯಾರಾಫಿನೈಲೀನ್ ಡೈಅಮೀನ್ ಗಾಳಿಯಲ್ಲೂ ಬದಲಾಗುತ್ತದೆ, ಚರ್ಮದಲ್ಲೂ ಬದಲಾಗುತ್ತದೆ.

ಕರಗುವಿಕೆ, ಎಣ್ಣೆ ಮತ್ತು ನೀರಿನ ನಡುವಿನ ಒಲವು, ಅಣುತೂಕ ಇವನ್ನೂ ಅದೇ ದಿನ ಬರೆದಿಟ್ಟುಕೊಳ್ಳಿ. 500 ಡಾಲ್ಟನ್ ಮೀರಿದ ಅಣುಗಳು ಚರ್ಮ ದಾಟುವುದು ಕಷ್ಟ ಎಂಬ ರೂಢಿಯ ಮಾತು ಉಪಯುಕ್ತವೇ. ಆದರೆ ಅದನ್ನೇ ಆಧಾರವಾಗಿಟ್ಟುಕೊಂಡು ಪರೀಕ್ಷೆಯನ್ನೇ ಬಿಡುವಷ್ಟು ಗಟ್ಟಿಯಾದ ಗೆರೆ ಅದಲ್ಲ.

ಸೀಸೆ, ಚರ್ಮಕೋಶ, ಕಾವಲುಕೋಶ

ಪ್ರಾಣಿಗಳಿಲ್ಲದ ಪರೀಕ್ಷೆಗಳಲ್ಲಿ ಮೂರು ಹೆಸರುಗಳು ಪದೇ ಪದೇ ಬರುತ್ತವೆ: ಡಿಪಿಆರ್‌ಎ, ಕೆರಟಿನೊಸೆನ್ಸ್, ಎಚ್-ಕ್ಲಾಟ್. ಮೂರೂ ಬೇರೆಬೇರೆ ಮೆಟ್ಟಿಲಿನವು, ಆದ್ದರಿಂದ ಒಂದರ ಬದಲು ಇನ್ನೊಂದು ಎನ್ನುವಂತಿಲ್ಲ.

ಡಿಪಿಆರ್‌ಎ ಒಇಸಿಡಿಯ 442ಸಿ ಮಾರ್ಗಸೂಚಿಯಲ್ಲಿದೆ, 2015ರಿಂದ. ಇದರಲ್ಲಿ ಜೀವವೇ ಇಲ್ಲ. ಏಳು ಅಮೈನೊ ಆಮ್ಲಗಳ ಎರಡು ಪುಟ್ಟ ಪೆಪ್ಟೈಡ್‌ಗಳು, ಅಂದರೆ ಪ್ರೋಟೀನಿನ ತುಣುಕಿನಂಥ ಸರಪಳಿಗಳು: ಒಂದರಲ್ಲಿ ಸಿಸ್ಟೀನ್, ಇನ್ನೊಂದರಲ್ಲಿ ಲೈಸೀನ್. ಸಿಸ್ಟೀನ್ ಪೆಪ್ಟೈಡ್ ಒಂದು ಪಾಲಿಗೆ ಹತ್ತು ಪಾಲು ಪರೀಕ್ಷಾವಸ್ತು, ಲೈಸೀನ್ ಪೆಪ್ಟೈಡ್ ಒಂದು ಪಾಲಿಗೆ ಐವತ್ತು ಪಾಲು. ಕತ್ತಲಲ್ಲಿ 24 ಗಂಟೆ ಇಟ್ಟು, ಮಿಶ್ರಣದ ಘಟಕಗಳನ್ನು ಬೇರ್ಪಡಿಸುವ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಓಡಿಸಿ, 220 ನ್ಯಾನೊಮೀಟರ್ ಬೆಳಕಿನಲ್ಲಿ ಪೆಪ್ಟೈಡ್ ಎಷ್ಟು ಉಳಿದಿದೆ ನೋಡುತ್ತಾರೆ. ಚುರುಕಾದ ವಸ್ತುವಿನಲ್ಲಿ, ನಿನ್ನೆ ಯಂತ್ರದ ನಕ್ಷೆಯಲ್ಲಿ ಎತ್ತರವಾಗಿದ್ದ ಪೆಪ್ಟೈಡಿನ ಶಿಖರ ಇಂದು ಸಣ್ಣ ಗುಬುಟಾಗಿರುತ್ತದೆ. ಎರಡೂ ಪೆಪ್ಟೈಡ್‌ಗಳ ಸರಾಸರಿ ಇಳಿಕೆ ಶೇ 6.38 ದಾಟಿದರೆ ಪಾಸಿಟಿವ್.

ಇದು ಸರಳ, ಬೇಗ ಮುಗಿಯುತ್ತದೆ, ಬೇರೆಬೇರೆ ಪ್ರಯೋಗಾಲಯಗಳಲ್ಲಿ ಫಲಿತಾಂಶ ಹೆಚ್ಚು ಏರುಪೇರಾಗುವುದಿಲ್ಲ. ಅಸಿಟೊನೈಟ್ರೈಲಿನಂಥ ದ್ರಾವಕ ಬಳಸಬಹುದಾದ್ದರಿಂದ ನೀರಿಗೆ ಒಗ್ಗದ ಎಷ್ಟೋ ವಸ್ತುಗಳು ಇಲ್ಲಿ ಕರಗುತ್ತವೆ. ಆದರೆ ಸೀಸೆಯಲ್ಲಿ ಕಿಣ್ವಗಳಿಲ್ಲ, ಚರ್ಮದೊಳಗೆ ವೇಷ ಬದಲಿಸುವ ಅಣುಗಳು ಇಲ್ಲಿ ತಪ್ಪಿಸಿಕೊಳ್ಳಬಹುದು. ಲೋಹಗಳು ಪ್ರೋಟೀನನ್ನು ಹಿಡಿಯುವ ಬಗೆಯೇ ಬೇರೆ, ಅವಕ್ಕೆ ಈ ಪರೀಕ್ಷೆಯಲ್ಲ. ಪರೀಕ್ಷಾವಸ್ತುವಿನ ಶಿಖರವೇ ಪೆಪ್ಟೈಡಿನ ಶಿಖರದ ಮೇಲೆ ಬಂದು ಕೂತರೆ ಅಳತೆ ಕೆಡುತ್ತದೆ. ಇದರದೇ ಇನ್ನೊಂದು ರೂಪ ಕೆ-ಡಿಪಿಆರ್‌ಎ. ಪೆಪ್ಟೈಡ್ ಎಷ್ಟು ಇಳಿಯಿತು ಎನ್ನುವುದಲ್ಲದೆ ಎಷ್ಟು ವೇಗವಾಗಿ ಎನ್ನುವುದನ್ನು ಅಳೆಯುತ್ತದೆ. ಅತಿ ಬಲವಾದ ವಸ್ತುಗಳನ್ನು ಬೇರೆ ಮಾಡಲು ಅದು ಒಳ್ಳೆಯ ಆಯ್ಕೆ.

ಕೆರಟಿನೊಸೆನ್ಸ್ 442ಡಿ ಮಾರ್ಗಸೂಚಿಯದು. ಮನುಷ್ಯರ ಚರ್ಮಕೋಶವೊಂದಕ್ಕೆ ಮಿಂಚುಹುಳದ ಬೆಳಕಿನ ಜೀನನ್ನು ಜೋಡಿಸಿದ್ದಾರೆ. ಕೋಶದೊಳಗೆ ಕೀಪ್1 ಎಂಬ ಕಾವಲು ಪ್ರೋಟೀನಿದೆ. ಅದರ ಸಿಸ್ಟೀನ್‌ಗಳಿಗೆ ಯಾವುದಾದರೂ ಅಣು ಅಂಟಿದರೆ ರಕ್ಷಣೆಯ ಜೀನುಗಳು ತೆರೆದುಕೊಳ್ಳುತ್ತವೆ, ಜೊತೆಗೆ ಬೆಳಕೂ ಹೊತ್ತುತ್ತದೆ. 48 ಗಂಟೆಯ ಬಳಿಕ ಬೆಳಕು ಒಂದೂವರೆ ಪಟ್ಟು ಅಥವಾ ಹೆಚ್ಚಾಗಿದ್ದು, ಆ ಪ್ರಮಾಣದಲ್ಲಿ ಶೇ 70ಕ್ಕಿಂತ ಹೆಚ್ಚು ಕೋಶಗಳು ಜೀವಂತವಾಗಿದ್ದರೆ ಅದು ಪಾಸಿಟಿವ್ ಕಡೆಗೆ ಎಣಿಕೆಯಾಗುತ್ತದೆ. ಕಾವಲುಗಾರನ ಕಣ್ಣು ಸಿಸ್ಟೀನೇ ಆದ್ದರಿಂದ ಲೈಸೀನನ್ನು ಮಾತ್ರ ಹಿಡಿಯುವ ಅನ್‌ಹೈಡ್ರೈಡ್‌ಗಳಂಥವನ್ನು ಇದು ಕಾಣದೆ ಹೋಗಬಹುದು. ಅದೇ ವಸ್ತುವನ್ನು ಡಿಪಿಆರ್‌ಎಯ ಲೈಸೀನ್ ಪೆಪ್ಟೈಡ್ ಹಿಡಿದುಕೊಡುತ್ತದೆ. ಪರೀಕ್ಷೆಗಳು ಪರಸ್ಪರ ವಿರುದ್ಧ ಉತ್ತರ ಕೊಟ್ಟರೆ ಗಾಬರಿಯಾಗುವವರನ್ನು ನೋಡಿದ್ದೇನೆ. ಅಣುವಿನ ಸ್ವಭಾವ ಗೊತ್ತಿದ್ದವರಿಗೆ ಆ ವಿರೋಧವೇ ಒಂದು ಮಾಹಿತಿ.

ಎಚ್-ಕ್ಲಾಟ್ 442ಇ ಮಾರ್ಗಸೂಚಿಯಲ್ಲಿ 2016ರಲ್ಲಿ ಬಂತು. ಮನುಷ್ಯರ ಟಿಎಚ್‌ಪಿ-1 ಎಂಬ ಕೋಶಗಳನ್ನು ಡೆಂಡ್ರೈಟಿಕ್ ಕೋಶಗಳ ಪ್ರತಿನಿಧಿಯಾಗಿ ಬಳಸಿ, 24 ಗಂಟೆಯ ಬಳಿಕ ಅವುಗಳ ಮೈಮೇಲೆ ಸಿಡಿ86 ಮತ್ತು ಸಿಡಿ54 ಎಂಬ ಎರಡು ಗುರುತುಗಳು ಎಷ್ಟು ಹೆಚ್ಚಿದವು ಎಂದು, ಕೋಶಗಳನ್ನು ಒಂದೊಂದಾಗಿ ನೋಡುವ ಫ್ಲೋ ಸೈಟೊಮೀಟರ್ ಯಂತ್ರದಲ್ಲಿ ಎಣಿಸುತ್ತಾರೆ. ಹೋಲಿಕೆಯ ಮಾದರಿಯನ್ನು 100 ಎಂದಿಟ್ಟುಕೊಂಡರೆ ಸಿಡಿ86ಕ್ಕೆ 150, ಸಿಡಿ54ಕ್ಕೆ 200 ಪಾಸಿಟಿವ್‌ನ ಗೆರೆ. ಮೂರರಲ್ಲಿ ಇದು ಹೆಚ್ಚು ಕೈಚಳಕ ಬೇಡುವ ಪರೀಕ್ಷೆ: ಕೋಶಗಳ ಆರೋಗ್ಯ, ಪ್ರಮಾಣಗಳ ಆಯ್ಕೆ, ಯಂತ್ರದ ಹೊಂದಾಣಿಕೆ ಎಲ್ಲವೂ ಉತ್ತರವನ್ನು ಅಲುಗಾಡಿಸಬಲ್ಲವು. ಎಣ್ಣೆಯ ಕಡೆ ವಾಲುವ ವಸ್ತುಗಳ ವಿಷಯದಲ್ಲಿ ಮಾರ್ಗಸೂಚಿಯೇ ಸ್ಪಷ್ಟವಾಗಿ ಎಚ್ಚರಿಸುತ್ತದೆ. ಎಣ್ಣೆಯ ಕಡೆಗಿನ ಒಲವನ್ನು ಅಳೆಯುವ, ಆಕ್ಟನಾಲ್ ಮತ್ತು ನೀರಿನ ಹಂಚಿಕೆಯ ಲಾಗ್ ಮೌಲ್ಯ 3.5 ಮೀರಿದ್ದರೆ ಇಲ್ಲಿ ಬಂದ ಪಾಸಿಟಿವ್ ನಂಬಬಹುದು, ನೆಗೆಟಿವನ್ನು ಲೆಕ್ಕಕ್ಕೆ ಹಿಡಿಯಬಾರದು. ಮೊದಲು ಹೇಳಿದ ಹರಳಿನ ವರದಿ ಇದೇ ಪರೀಕ್ಷೆಯದು, ಆ ವಸ್ತುವೂ ಇದೇ ಬಗೆಯದು.

ಮೂವರ ಸಾಕ್ಷಿಯನ್ನು ಕೂಡಿಸುವ ಬಗೆ

ಒಂದೇ ಪರೀಕ್ಷೆಯ ಮಾತು ಸಾಲದು ಎಂದಾದ ಮೇಲೆ, ಹಲವನ್ನು ಹೇಗೆ ಕೂಡಿಸಬೇಕು ಎಂಬುದು ಪ್ರಶ್ನೆ. ತಜ್ಞರ ವಿವೇಚನೆಗೇ ಬಿಟ್ಟರೆ ಇಬ್ಬರು ತಜ್ಞರು ಎರಡು ಮಾತು ಹೇಳುತ್ತಾರೆ. ಒಇಸಿಡಿ 2021ರಲ್ಲಿ ಹೊರತಂದ 497ನೆಯ ಮಾರ್ಗಸೂಚಿ ಈ ಕೂಡಿಕೆಗೆ ಕಟ್ಟುನಿಟ್ಟಿನ ನಿಯಮ ಕೊಟ್ಟಿತು. ಅದರಲ್ಲಿ ಮುಖ್ಯವಾಗಿ ಎರಡು ಬಗೆ.

ಒಂದು, ‘ಮೂರರಲ್ಲಿ ಎರಡು’. ಮೇಲಿನ ಮೂರರಲ್ಲಿ ಎರಡನ್ನು ಮಾಡಿ, ಒಂದೇ ಉತ್ತರ ಬಂದರೆ ಅಲ್ಲಿಗೆ ಮುಗಿಯಿತು. ಬೇರೆ ಬಂದರೆ ಮೂರನೆಯದನ್ನು ಮಾಡಿ, ಬಹುಮತ ಹಿಡಿಯಿರಿ. ಕಂಪ್ಯೂಟರಿನ ನೆರವು ಬೇಡ, ಲೆಕ್ಕ ಸುಲಭ. ಆದರೆ ಇದು ಅಲರ್ಜಿಕಾರಕ ಹೌದೋ ಅಲ್ಲವೋ ಎಂಬುದನ್ನಷ್ಟೇ ಹೇಳುತ್ತದೆ, ಎಷ್ಟು ಬಲವಾದದ್ದು ಎಂದು ಹೇಳುವುದಿಲ್ಲ. ಗೆರೆಯ ಆಚೀಚೆ ತೂಗುವ ಫಲಿತಾಂಶಗಳಿಗೆ ಈ ಮಾರ್ಗಸೂಚಿ ಒಂದು ಮಸುಕಿನ ವಲಯವನ್ನೂ ಗುರುತಿಸಿದೆ: ಡಿಪಿಆರ್‌ಎಯಲ್ಲಿ ಶೇ 4.95ರಿಂದ 8.32ರ ನಡುವೆ ಬಂದದ್ದನ್ನು ಹೌದು ಎಂದೂ ಇಲ್ಲ ಎಂದೂ ಹೇಳದೆ ಮರುಪ್ರಯೋಗ ಮಾಡಬೇಕು. ಶೇ 6.3 ಬಂದದ್ದನ್ನು ನೆಮ್ಮದಿಯಿಂದ ನೆಗೆಟಿವ್ ಎಂದು ಬರೆದುಬಿಡುತ್ತಿದ್ದ ಕಾಲಕ್ಕೆ ಇದು ತೆರೆ ಎಳೆಯಿತು.

ಇನ್ನೊಂದು ಅಂಕಗಳ ಬಗೆ, ಐಟಿಎಸ್. ಡಿಪಿಆರ್‌ಎಗೆ 0ರಿಂದ 3, ಎಚ್-ಕ್ಲಾಟಿಗೆ 0ರಿಂದ 3, ತಂತ್ರಾಂಶದ ಅಂದಾಜಿಗೆ 0 ಅಥವಾ 1, ಒಟ್ಟು ಏಳು. ಆರು ಅಥವಾ ಏಳು ಬಂದರೆ ಬಲವಾದ ಅಲರ್ಜಿಕಾರಕ, ಅಂದರೆ ಜಾಗತಿಕ ವರ್ಗೀಕರಣದ 1ಎ. ಎರಡರಿಂದ ಐದು ಬಂದರೆ ಅದಕ್ಕಿಂತ ಕಡಿಮೆ ಬಲದ 1ಬಿ. ಸೊನ್ನೆ ಅಥವಾ ಒಂದು ಬಂದರೆ ವರ್ಗೀಕರಣವಿಲ್ಲ. ಒಂದು ವಸ್ತುವನ್ನು ಊಹಿಸಿಕೊಳ್ಳೋಣ. ಪೆಪ್ಟೈಡ್ ಇಳಿಕೆ ಶೇ 30, ಅದಕ್ಕೆ 2 ಅಂಕ. ಎಚ್-ಕ್ಲಾಟ್ ಮಿಲಿಲೀಟರಿಗೆ 60 ಮೈಕ್ರೊಗ್ರಾಂನಲ್ಲೇ ಪಾಸಿಟಿವ್, 2 ಅಂಕ. ತಂತ್ರಾಂಶ ಹೌದು ಎಂದಿತು, 1 ಅಂಕ. ಒಟ್ಟು ಐದು, 1ಬಿ. ಪೆಪ್ಟೈಡ್ ಇಳಿಕೆ ಶೇ 45 ಆಗಿದ್ದರೆ ಅಲ್ಲಿ 3 ಅಂಕ ಸಿಕ್ಕಿ ಒಟ್ಟು ಆರಾಗುತ್ತಿತ್ತು, ವಸ್ತು 1ಎ ಆಗುತ್ತಿತ್ತು. ಐದು ಬಂದಾಗ ವರ್ಗವನ್ನು ಮಾತ್ರ ಬರೆಯದೆ ಅಂಕವನ್ನೂ ಬರೆಯಿರಿ ಎಂದು ನಾನು ಒತ್ತಾಯಿಸುವುದು ಇದಕ್ಕೇ. ಮುಂದೆ ಓದುವವರಿಗೆ ಎರಡಂಕದ 1ಬಿಗೂ ಐದಂಕದ 1ಬಿಗೂ ಇರುವ ದೂರ ಕಾಣಬೇಕು.

ಹರಳಿನ ವಸ್ತುವಿನ ಕತೆ ಮುಗಿಸುತ್ತೇನೆ. ಅದರ ಎಚ್-ಕ್ಲಾಟ್ ಉತ್ತರವನ್ನು ಬದಿಗಿಟ್ಟು ಡಿಪಿಆರ್‌ಎ ಮಾಡಿಸಿದಾಗ ಸಿಸ್ಟೀನ್ ಪೆಪ್ಟೈಡಿನ ದೊಡ್ಡ ಪಾಲು ಕಾಣೆಯಾಗಿತ್ತು. ಕೆರಟಿನೊಸೆನ್ಸ್‌ನಲ್ಲೂ ಬೆಳಕು ಹೊತ್ತಿತು. ಎರಡು ಹೌದು. ಸುರಕ್ಷತಾ ಪತ್ರದ ಆ ವಾಕ್ಯವನ್ನು ತೆಗೆಯಬೇಕಾಯಿತು.

ಇಲಿಯ ಕಿವಿ, ಗಿನಿಯಿಲಿಯ ಬೆನ್ನು

ಹಳೆಯ ವರದಿಗಳನ್ನು ಓದುವವರಿಗೆ ಪ್ರಾಣಿ ಪರೀಕ್ಷೆಗಳ ಹೋಲಿಕೆ ಗೊತ್ತಿರಲೇಬೇಕು, ಹೊಸದಾಗಿ ಮಾಡಿಸುವ ಉದ್ದೇಶವಿಲ್ಲದಿದ್ದರೂ.

ಬ್ಯೂಲರ್ ವಿಧಾನ 1965ರದು. ಗಿನಿಯಿಲಿಯ ಚರ್ಮದ ಮೇಲೆ ವಾರಕ್ಕೊಮ್ಮೆ ಮೂರು ಬಾರಿ ವಸ್ತುವನ್ನು ಹಚ್ಚಿ ಮುಚ್ಚಿ, ವಿರಾಮ ಕೊಟ್ಟು, ನಾಲ್ಕನೆಯ ವಾರದ ಕೊನೆಗೆ ಮತ್ತೆ ಹಚ್ಚಿ ನೋಡುತ್ತಾರೆ. ಮ್ಯಾಗ್ನುಸನ್ ಮತ್ತು ಕ್ಲಿಗ್ಮನ್ 1969ರಲ್ಲಿ ಕೊಟ್ಟ ಗರಿಷ್ಠೀಕರಣ ಪರೀಕ್ಷೆ ಇನ್ನೂ ಕಠಿಣ. ರೋಗನಿರೋಧಕ ವ್ಯವಸ್ಥೆಯನ್ನು ಕೆಣಕುವ ಫ್ರಾಯಿಂಡ್ ದ್ರಾವಣದ ಜೊತೆ ವಸ್ತುವನ್ನು ಚರ್ಮದೊಳಕ್ಕೇ ಚುಚ್ಚುತ್ತಾರೆ. ಮೊದಲಿನದರಲ್ಲಿ ಶೇ 15ರಷ್ಟು, ಎರಡನೆಯದರಲ್ಲಿ ಶೇ 30ರಷ್ಟು ಪ್ರಾಣಿಗಳಾದರೂ ಪ್ರತಿಕ್ರಿಯಿಸಿದರೆ ಪಾಸಿಟಿವ್. ಎರಡರಲ್ಲೂ ಅಳತೆ ಮಾಡುವ ಸಾಧನ ಮನುಷ್ಯರ ಕಣ್ಣು: ಚರ್ಮ ಎಷ್ಟು ಕೆಂಪಾಗಿದೆ ಎಂಬ ಅಂಕ. ಬಣ್ಣವಿರುವ ವಸ್ತುವಾದರೆ ಆ ಕಣ್ಣೂ ಸೋಲುತ್ತದೆ. ನೆಗೆಟಿವ್ ಬಂದ ಬ್ಯೂಲರ್ ವರದಿಯನ್ನು ನಾನು ಸುಲಭಕ್ಕೆ ಒಪ್ಪುವುದಿಲ್ಲ. ದುರ್ಬಲ ಅಲರ್ಜಿಕಾರಕಗಳು ಅದರಲ್ಲಿ ಜಾರಿಕೊಳ್ಳಬಹುದು.

ಇಲಿಯ ದುಗ್ಧಗ್ರಂಥಿ ಪರೀಕ್ಷೆ, ಎಲ್‌ಎಲ್‌ಎನ್‌ಎ, 2002ರಲ್ಲಿ 429ನೆಯ ಮಾರ್ಗಸೂಚಿಯಾಯಿತು. ಸತತ ಮೂರು ದಿನ ಇಲಿಯ ಎರಡೂ ಕಿವಿಗಳ ಹೊರಮೈಗೆ ತಲಾ 25 ಮೈಕ್ರೊಲೀಟರ್ ದ್ರಾವಣ ಹಚ್ಚುತ್ತಾರೆ. ಎರಡು ದಿನ ಬಿಡುವು. ಆರನೆಯ ದಿನ ಬಾಲದ ರಕ್ತನಾಳಕ್ಕೆ ವಿಕಿರಣಶೀಲ ಥೈಮಿಡಿನ್ (ಹೆಚ್ಚುತ್ತಿರುವ ಕೋಶಗಳ ಡಿಎನ್‌ಎ ಸೇರುವ ವಸ್ತು) ಕೊಟ್ಟು, ಐದು ಗಂಟೆಯ ಬಳಿಕ ಕಿವಿಯ ಬಳಿಯ ಗ್ರಂಥಿಗಳನ್ನು ತೆಗೆದು, ಅಲ್ಲಿ ಕೋಶಗಳು ಎಷ್ಟು ಹೆಚ್ಚಿವೆ ಎಂದು ಅಳೆಯುತ್ತಾರೆ. ದ್ರಾವಕ ಮಾತ್ರ ಹಚ್ಚಿದ ಗುಂಪಿಗಿಂತ ಮೂರು ಪಟ್ಟು ಹೆಚ್ಚಿದ್ದರೆ ಪಾಸಿಟಿವ್. ಮೂರು ಪಟ್ಟು ತಲುಪಲು ಬೇಕಾದ ಸಾಂದ್ರತೆಗೆ ಇಸಿ3 ಎನ್ನುತ್ತಾರೆ. ಅದು ಶೇ 2 ಅಥವಾ ಕಡಿಮೆ ಇದ್ದರೆ 1ಎ, ಹೆಚ್ಚಿದ್ದರೆ 1ಬಿ. ಕಣ್ಣಂದಾಜಿನ ಬದಲು ಸಂಖ್ಯೆ ಸಿಗುವುದರಿಂದಲೇ ಇದು ಗಿನಿಯಿಲಿಯನ್ನು ಹಿಂದಕ್ಕೆ ತಳ್ಳಿತು. ಪ್ರತಿ ಪ್ರಮಾಣಕ್ಕೆ ಕನಿಷ್ಠ ನಾಲ್ಕು ಇಲಿಗಳು ಸಾಕು. ವಿಕಿರಣ ಬೇಡವಾದವರಿಗೆ 442ಎ, 442ಬಿ ಎಂಬ ರೂಪಗಳಿವೆ, ಅವುಗಳ ಗೆರೆಗಳು ಬೇರೆ. ಮೂರು ಪಟ್ಟಿನ ನಿಯಮವನ್ನು ಅವಕ್ಕೆ ಅನ್ವಯಿಸಬೇಡಿ.

ಇಲಿಯೂ ತಪ್ಪುತ್ತದೆ. ಸೋಡಿಯಂ ಲಾರಿಲ್ ಸಲ್ಫೇಟ್ ಬರಿಯ ಕೆರಳಿಕೆಯ ವಸ್ತು, ಇಲಿಯಲ್ಲಿ ಪಾಸಿಟಿವ್ ಬರುತ್ತದೆ. ನಿಕ್ಕಲ್ ಮನುಷ್ಯರಲ್ಲಿ ಬಹು ಸಾಮಾನ್ಯವಾದ ಅಲರ್ಜಿಕಾರಕ, ಇಲಿಯಲ್ಲಿ ತಪ್ಪಿಸಿಕೊಳ್ಳುತ್ತದೆ. ಕಾರಣ ತಿಳಿದದ್ದು 2010ರಲ್ಲಿ: ಮನುಷ್ಯರ ಟಿಎಲ್‌ಆರ್4 ಎಂಬ ಗ್ರಾಹಕದಲ್ಲಿ ನಿಕ್ಕಲ್ ಹಿಡಿದುಕೊಳ್ಳುವ ಹಿಸ್ಟಿಡಿನ್‌ಗಳಿವೆ, ಇಲಿಯ ಗ್ರಾಹಕದಲ್ಲಿ ಆ ಜಾಗದಲ್ಲಿ ಅವಿಲ್ಲ. ಪ್ರಾಣಿ ಪರೀಕ್ಷೆಯೇ ಕೊನೆಯ ಮಾತು ಎನ್ನುವವರಿಗೆ ನಾನು ಮೊದಲು ಹೇಳುವುದು ಈ ಉದಾಹರಣೆಯನ್ನೇ.

ಕಾನೂನೂ ಈಗ ಆಯ್ಕೆಯನ್ನು ಕಿರಿದು ಮಾಡಿದೆ. ಐರೋಪ್ಯ ಒಕ್ಕೂಟದಲ್ಲಿ ಪ್ರಾಣಿಗಳ ಮೇಲೆ ಪರೀಕ್ಷಿಸಿದ ಸೌಂದರ್ಯವರ್ಧಕಗಳ ಮಾರಾಟಕ್ಕೆ 2013ರ ಮಾರ್ಚ್ 11ರಿಂದ ಪೂರ್ಣ ನಿಷೇಧವಿದೆ. ಅಲ್ಲಿನ ರಾಸಾಯನಿಕಗಳ ನಿಯಮವಾದ ರೀಚ್ 2016ರ ತಿದ್ದುಪಡಿಯ ಬಳಿಕ, ಪ್ರಾಣಿರಹಿತ ಪರೀಕ್ಷೆಗಳು ಆ ವಸ್ತುವಿಗೆ ಒಗ್ಗುವುದಿಲ್ಲ ಅಥವಾ ಅವುಗಳಿಂದ ತೀರ್ಮಾನಕ್ಕೆ ಬರಲಾಗದು ಎಂದು ತೋರಿಸಿದರೆ ಮಾತ್ರ ಇಲಿಯ ಪರೀಕ್ಷೆಗೆ ಅವಕಾಶ ಕೊಡುತ್ತದೆ.

ಮನುಷ್ಯರ ಚರ್ಮ

ಇಲ್ಲಿ ಎರಡು ವಿಷಯಗಳು ಒಂದೇ ಹೆಸರಿನಲ್ಲಿ ಕಲಸಿಹೋಗುತ್ತವೆ. ಚರ್ಮರೋಗ ತಜ್ಞರು ಮಾಡುವ ಪ್ಯಾಚ್ ಟೆಸ್ಟ್ ರೋಗಪತ್ತೆಯ ಪರೀಕ್ಷೆ. ಯಾಡಸ್ಸೋನ್ 1895ರಲ್ಲಿ ತೋರಿಸಿದ ಈ ವಿಧಾನ, ಈ ವ್ಯಕ್ತಿಗೆ ಈಗಾಗಲೇ ಯಾವುದರ ಅಲರ್ಜಿ ಬಂದಿದೆ ಎಂದು ಹೇಳುತ್ತದೆ. ಹೊಸ ವಸ್ತು ಜನರಿಗೆ ಅಲರ್ಜಿ ತರಬಹುದೇ ಎಂಬ ಪ್ರಶ್ನೆಗೆ ಅದು ಉತ್ತರವಲ್ಲ. ಬೆನ್ನಿಗೆ ಅಂಟಿಸಿದ ಪಟ್ಟಿಯನ್ನು ಎರಡು ದಿನಕ್ಕೆ ತೆಗೆದು ನೋಡುತ್ತಾರೆ. ನಾಲ್ಕನೆಯ ದಿನ ಮತ್ತೆ ನೋಡಬೇಕು, ಸಾಧ್ಯವಾದರೆ ಏಳನೆಯ ದಿನವೂ. ಕೆರಳಿಕೆಯ ಕೆಂಪು ಎರಡನೆಯ ದಿನ ಜೋರಾಗಿದ್ದು ಆಮೇಲೆ ಇಳಿಯುತ್ತದೆ, ಅಂಚು ಚೂಪಾಗಿ ಪಟ್ಟಿಯ ಆಕಾರದಲ್ಲೇ ನಿಲ್ಲುತ್ತದೆ. ಅಲರ್ಜಿಯ ಕೆಂಪು ನಾಲ್ಕನೆಯ ದಿನಕ್ಕೆ ಇನ್ನಷ್ಟು ಉಬ್ಬಿ, ಬೆರಳಿಟ್ಟರೆ ಗಟ್ಟಿಯಾಗಿ ಸಿಗುತ್ತದೆ, ಪಟ್ಟಿಯ ಗಡಿ ದಾಟುತ್ತದೆ. ನಿಯೊಮೈಸಿನ್, ಸ್ಟೀರಾಯ್ಡ್ ಮುಲಾಮುಗಳ ಅಲರ್ಜಿ ಕೆಲವರಲ್ಲಿ ಏಳನೆಯ ದಿನಕ್ಕೇ ಮೊದಲ ಬಾರಿ ಕಾಣುತ್ತದೆ. ಎರಡನೆಯ ದಿನವೇ ‘ಏನೂ ಇಲ್ಲ’ ಎಂದು ಎದ್ದು ಹೋಗುವುದು ದೊಡ್ಡ ತಪ್ಪು. ಗುರುತಿಲ್ಲದ ರಾಸಾಯನಿಕವನ್ನು ತಾವೇ ತೋಳಿಗೆ ಹಚ್ಚಿ ನೋಡುವವರಿಗೆ ಕೈಮುಗಿದು ಹೇಳುತ್ತೇನೆ, ಬೇಡ. ಆ ಪ್ರಯೋಗವೇ ನಿಮಗೆ ಆ ಅಲರ್ಜಿಯನ್ನು ಕಲಿಸಿಬಿಡಬಹುದು.

ಆರೋಗ್ಯವಂತ ಸ್ವಯಂಸೇವಕರಿಗೆ ಮೂರು ವಾರಗಳಲ್ಲಿ ಒಂಬತ್ತು ಬಾರಿ ಪಟ್ಟಿ ಹಾಕಿ, ಎರಡು ವಾರ ಬಿಟ್ಟು, ಮತ್ತೆ ಹಾಕಿ ನೋಡುವ ಪರೀಕ್ಷೆಯೂ ಇದೆ. ಹಳೆಯ ದತ್ತಾಂಶ ಸಿಕ್ಕರೆ ಅಮೂಲ್ಯ, ಏಕೆಂದರೆ ಅದು ಮನುಷ್ಯರದೇ ಉತ್ತರ. ಆದರೆ ಅಪಾಯ ಪತ್ತೆಗೆಂದು ಅದನ್ನು ಹೊಸದಾಗಿ ಮಾಡುವುದನ್ನು ನಾನು ಒಪ್ಪಲಾರೆ. ಅಲ್ಲಿ ಬಂದ ಪ್ರತಿ ಪಾಸಿಟಿವ್ ಉತ್ತರ, ಜೀವನಪೂರ್ತಿ ಅಲರ್ಜಿ ಹೊತ್ತು ಮನೆಗೆ ಹೋದ ಒಬ್ಬ ಮನುಷ್ಯ.

ಹಾಗಾದರೆ ಯಾವುದನ್ನು ಹಿಡಿಯಬೇಕು

ಸಾಮಾನ್ಯ ಸಾವಯವ ವಸ್ತು, ಚೆನ್ನಾಗಿ ಕರಗುತ್ತದೆ, ಅಲರ್ಜಿಕಾರಕ ಹೌದೋ ಅಲ್ಲವೋ ಎಂದಷ್ಟೇ ಬೇಕು: ಡಿಪಿಆರ್‌ಎ ಮತ್ತು ಕೆರಟಿನೊಸೆನ್ಸ್‌ನಿಂದ ಶುರು ಮಾಡಿ, ಒಪ್ಪದಿದ್ದರೆ ಎಚ್-ಕ್ಲಾಟ್. ಬಲವೂ ಬೇಕಾದರೆ ಐಟಿಎಸ್, ಅಥವಾ 1ಎ ಹೌದೋ ಎಂಬ ಒಂದೇ ಪ್ರಶ್ನೆಗೆ ಕೆ-ಡಿಪಿಆರ್‌ಎ. ಎಣ್ಣೆಯಂಥ ವಸ್ತುವಾದರೆ ಸೀಸೆಯ ಪರೀಕ್ಷೆಗೆ ಹೆಚ್ಚು ತೂಕ ಕೊಡಿ. ವೇಷ ಬದಲಿಸುವ ಅಣು ಎಂಬ ಅನುಮಾನವಿದ್ದರೆ ಕೋಶಗಳ ಪರೀಕ್ಷೆ ಕಡ್ಡಾಯ, ಜೊತೆಗೆ ಗಾಳಿಗೊಡ್ಡಿದ ಮಾದರಿಯನ್ನೂ ಬೇರೆಯಾಗಿ ಪರೀಕ್ಷಿಸಿ. ಲೋಹದ ಲವಣವಾದರೆ ಹೊಸ ಪರೀಕ್ಷೆ ಹುಡುಕುವ ಮೊದಲು ಅದೇ ಲೋಹದ ಬಗ್ಗೆ ಮನುಷ್ಯರಲ್ಲಿ ದಾಖಲಾದ ಪ್ಯಾಚ್ ಟೆಸ್ಟ್ ಅನುಭವ ಹುಡುಕಿ. ಹಳೆಯ ಎಲ್‌ಎಲ್‌ಎನ್‌ಎ ವರದಿ ಕೈಯಲ್ಲಿದ್ದು ಅದು ಸರಿಯಾಗಿ ಮಾಡಿದ್ದೇ ಆಗಿದ್ದರೆ ಹೊಸ ಪರೀಕ್ಷೆಯೇ ಬೇಡವಾಗಬಹುದು. ಸಸ್ಯಸಾರಗಳಂಥ ಮಿಶ್ರಣಗಳಲ್ಲಿ ಅಣುತೂಕವೇ ಗೊತ್ತಿಲ್ಲದಾಗ ಡಿಪಿಆರ್‌ಎಯ ಹತ್ತು ಪಾಲು, ಐವತ್ತು ಪಾಲಿನ ಲೆಕ್ಕ ನೇರವಾಗಿ ನಿಲ್ಲುವುದಿಲ್ಲ. ಅಲ್ಲಿ ಘಟಕಗಳನ್ನು ಒಂದೊಂದಾಗಿ ನೋಡುವುದು ಲೇಸು.

ಪರೀಕ್ಷೆ ಹೇಳದ ಲೆಕ್ಕ

ಅಪಾಯದ ಗುಣವನ್ನು ಸರಿಯಾಗಿ ಗುರುತಿಸಿಯೂ ಜನರಿಗೆ ಪೆಟ್ಟು ಬಿದ್ದ ಪ್ರಸಂಗವಿದೆ. ಮೀಥೈಲ್‌ಐಸೊಥಯಜೋಲಿನೋನ್ ಒಂದು ಸಂರಕ್ಷಕ. ಅದರ ಕ್ಲೋರಿನ್ ಇರುವ ಸೋದರ ಅಣುವಿನ ಜೊತೆ, ಸೋದರ ಮೂರು ಪಾಲಿಗೆ ಇದು ಒಂದು ಪಾಲಿನಂತೆ, ಈ ಜೋಡಿ ಹಿಂದಿನಿಂದಲೂ ಬಳಕೆಯಲ್ಲಿತ್ತು. ಆಗಿನ ಐರೋಪ್ಯ ನಿಯಮದಂತೆ ಸೌಂದರ್ಯವರ್ಧಕಗಳಲ್ಲಿ ಎರಡೂ ಸೇರಿ ಹತ್ತು ಲಕ್ಷಕ್ಕೆ 15 ಪಾಲು. ಹಾಗೆಂದರೆ ಮೀಥೈಲ್‌ಐಸೊಥಯಜೋಲಿನೋನ್ ಸುಮಾರು 3.75 ಪಾಲು. ಕ್ಲೋರಿನ್ ಇಲ್ಲದ್ದು ತನ್ನ ಸೋದರನಿಗಿಂತ ಸೌಮ್ಯ ಎಂಬುದು ನಿಜವೇ ಆಗಿತ್ತು. ಆ ಆಧಾರದ ಮೇಲೆ 2005ರಲ್ಲಿ ಅದನ್ನೊಂದನ್ನೇ 100 ಪಾಲಿನವರೆಗೆ ಬಳಸಲು ಒಪ್ಪಿಗೆ ಸಿಕ್ಕಿತು, ಇಪ್ಪತ್ತಾರು ಪಟ್ಟಿಗೂ ಹೆಚ್ಚು. ಒದ್ದೆ ಒರೆಸುಬಟ್ಟೆ, ಮುಖದ ಕ್ರೀಮ್, ಶಾಂಪೂ, ಗೋಡೆಯ ಬಣ್ಣ, ಎಲ್ಲದರಲ್ಲೂ ಅದು ಬಂತು. ಕೆಲವೇ ವರ್ಷಗಳಲ್ಲಿ ಐರೋಪ್ಯ ಚರ್ಮರೋಗ ಚಿಕಿತ್ಸಾಲಯಗಳಲ್ಲಿ ಇದರ ಅಲರ್ಜಿ ಸಾಂಕ್ರಾಮಿಕದಂತೆ ಏರಿತು. ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ 2013ರಲ್ಲಿ ಇದನ್ನು ವರ್ಷದ ಅಲರ್ಜಿಕಾರಕ ಎಂದು ಹೆಸರಿಸಿತು.

ಪರೀಕ್ಷೆಗಳು ಇಲ್ಲಿ ಸುಳ್ಳು ಹೇಳಿರಲಿಲ್ಲ. ಅಲರ್ಜಿಕಾರಕ ಎಂದೇ ಹೇಳಿದ್ದವು. ತಪ್ಪಿದ್ದು ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ ದಿನಕ್ಕೆ ಎಷ್ಟು ಬೀಳುತ್ತದೆ, ತೊಳೆದುಹೋಗುತ್ತದೆಯೋ ಉಳಿಯುತ್ತದೆಯೋ, ಎಷ್ಟು ಕಡೆಗಳಿಂದ ಬರುತ್ತದೆ ಎಂಬ ಲೆಕ್ಕ. ಅಲರ್ಜಿಯ ವಿಷಯದಲ್ಲಿ ಶೇಕಡಾವಾರಿಗಿಂತ ಮುಖ್ಯವಾದ ಅಳತೆ ಇದು. ಎಲ್‌ಎಲ್‌ಎನ್‌ಎಯ ಇಸಿ3 ಶೇ 1 ಎಂದಿದ್ದರೆ ಅದನ್ನು 250ರಿಂದ ಗುಣಿಸಿ ಚದರ ಸೆಂಟಿಮೀಟರಿಗೆ 250 ಮೈಕ್ರೊಗ್ರಾಂ ಎಂದು ಓದುತ್ತಾರೆ: 25 ಮೈಕ್ರೊಲೀಟರ್ ದ್ರಾವಣ ಒಂದು ಚದರ ಸೆಂಟಿಮೀಟರ್ ಕಿವಿಯ ಮೇಲೆ ಹರಡುತ್ತದೆ ಎಂಬ ಲೆಕ್ಕದಿಂದ. ಅಲ್ಲಿಂದ ಸುರಕ್ಷತೆಯ ಅಂಶಗಳಿಂದ ಭಾಗಿಸಿ, ಬಳಕೆಯಲ್ಲಿ ಚರ್ಮದ ಮೇಲೆ ಉಳಿಯುವ ಪ್ರಮಾಣದ ಜೊತೆ ಹೋಲಿಸಬೇಕು. ಐರೋಪ್ಯ ಒಕ್ಕೂಟದಲ್ಲಿ ಮೀಥೈಲ್‌ಐಸೊಥಯಜೋಲಿನೋನಿನ ಬಳಕೆ ಚರ್ಮದ ಮೇಲೆ ಉಳಿಯುವ ಉತ್ಪನ್ನಗಳಲ್ಲಿ 2017ರ ಫೆಬ್ರವರಿಯಲ್ಲಿ ನಿಂತಿತು. ತೊಳೆದುಹೋಗುವ ಉತ್ಪನ್ನಗಳಲ್ಲಿ 2018ರ ಜನವರಿಯಿಂದ 15 ಪಾಲಿಗೆ ಇಳಿಯಿತು. ಅಷ್ಟರೊಳಗೆ ಅಲರ್ಜಿ ಹತ್ತಿಸಿಕೊಂಡವರು ಇಂದಿಗೂ ಪ್ರತಿ ಬಾಟಲಿಯ ಹಿಂದಿನ ಸಣ್ಣ ಅಕ್ಷರಗಳಲ್ಲಿ ಆ ಹೆಸರನ್ನು ಹುಡುಕುತ್ತಿದ್ದಾರೆ.